ಬೆಳಗಿನ ಗಾಳಿಯಲ್ಲಿ ಕಲಿತ ಕೈ, ಮಧ್ಯಾಹ್ನದ ಗಾಳಿಯಲ್ಲಿ ಇಳಿದಾಗ

ನಾನು ಶಿರಸಿಯವನು. ಸಣ್ಣ ವಿಮಾನ ಹಾರಿಸಲು ಕಲಿಸುವುದು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ಜನ ಹತ್ತಿ ಇಳಿಯುವ ವಿಮಾನ ನಿಲ್ದಾಣ ಇನ್ನೂ ಆಗಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಮಕ್ಕಳು ಪೈಲಟ್ ಆಗಬೇಕು ಅಂದರೆ ಘಟ್ಟ ಹತ್ತಲೇಬೇಕು. ಈ ಪ್ರಕರಣದ ಹುಡುಗ ಅಂಕೋಲಾದವನು. ಘಟನೆ ನಡೆದದ್ದು ಘಟ್ಟದ ಮೇಲಿನ ಒಂದು ತರಬೇತಿ ನಿಲ್ದಾಣದಲ್ಲಿ. ಅದು ಯಾಕೆ ಆಯಿತು ಅಂತ ಇಬ್ಬರೂ ಕೂತು ಬಿಡಿಸಿದ್ದು ಮಾತ್ರ ಕಾರವಾರದಲ್ಲಿ, ಕಾಳಿ ನದಿಯ ದಡದಲ್ಲಿ.

ಬರೆಯಲು ಅವನೇ ಹೇಳಿದ. "ಹೆಸರು ಹಾಕಬೇಡಿ ಸರ್, ಆದ್ರೆ ಎಲ್ಲಾ ಬರೀರಿ" ಅಂದ. ಹಾಗಾಗಿ ಎಲ್ಲಾ ಬರೆಯುತ್ತಿದ್ದೇನೆ. ಅವನದ್ದಷ್ಟೇ ಅಲ್ಲ, ನನ್ನ ತಪ್ಪನ್ನೂ.

ಆ ಮಧ್ಯಾಹ್ನ

ಮೇ ತಿಂಗಳ ಕೊನೆಯ ವಾರ. ಮಳೆ ಬಂದಿರಲಿಲ್ಲ, ಮಳೆಗಾಲದ ಗಾಳಿ ಬಂದಾಗಿತ್ತು. ವಿಮಾನ ಸೆಸ್ನಾ 172. ನಾಲ್ಕು ಸೀಟು, ಒಂದೇ ಎಂಜಿನ್, 180 ಅಶ್ವಶಕ್ತಿ. ಮೂತಿಯ ಕೆಳಗೆ ಒಂದು ಚಕ್ರ, ಹಿಂದೆ ಎರಡು ದೊಡ್ಡ ಚಕ್ರ. ಹುಡುಗನ ಒಟ್ಟು ಹಾರಾಟ 62 ಗಂಟೆ. ಒಬ್ಬನೇ ಹೋಗಿ ಇಳಿಸಿದ ಅನುಭವವೂ ಇತ್ತು. ನನ್ನ ಕೈಯಲ್ಲಿ ಕಲಿತವರಲ್ಲಿ ಇವನದು ಬಹಳ ಮೃದುವಾದ ಕೈ. ಬೆಳಿಗ್ಗೆ ಇವನು ಇಳಿಸಿದರೆ ಚಕ್ರ ಮುಟ್ಟಿದ್ದು ಗೊತ್ತೇ ಆಗುತ್ತಿರಲಿಲ್ಲ.

ಆ ದಿನ ಅವನು ಒಬ್ಬನೇ ಪಕ್ಕದ ಅಭ್ಯಾಸದ ಜಾಗಕ್ಕೆ ಹೋಗಿ ಒಂದು ಗಂಟೆಯೊಳಗೆ ವಾಪಸ್ ಬರಬೇಕಿತ್ತು. ಬೆಳಿಗ್ಗೆ ಹೋಗಬೇಕಾದವನು, ವಿಮಾನಕ್ಕೆ ಸಣ್ಣ ರಿಪೇರಿ ಇದ್ದುದರಿಂದ ಮಧ್ಯಾಹ್ನ 2 ಗಂಟೆಗೆ ಹೊರಟ. ರನ್‌ವೇ 27, ಅಂದರೆ ಮೂತಿ ನೇರ ಪಡುವಣಕ್ಕೆ, 270 ಡಿಗ್ರಿ. ಹೊರಡುವಾಗ ಗಾಳಿ 230 ಡಿಗ್ರಿಯಿಂದ 8 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ರನ್‌ವೇಗೂ ಗಾಳಿಗೂ 40 ಡಿಗ್ರಿ ವ್ಯತ್ಯಾಸ. ಅಡ್ಡಕ್ಕೆ ತಳ್ಳುವ ಪಾಲು ಸುಮಾರು 5 ನಾಟ್. ಅದು ಅವನಿಗೆ ಕಷ್ಟವೇ ಅಲ್ಲ.

ವಾಪಸ್ ಬರುವಾಗ ಟವರ್ ಹೇಳಿದ್ದು ಬೇರೆ: 210 ಡಿಗ್ರಿ, 12 ನಾಟ್, ಬೀಸು (ನಡುನಡುವೆ ಜೋರಾಗಿ ನುಗ್ಗುವ ಗಾಳಿ) 18. ಈಗ ವ್ಯತ್ಯಾಸ 60 ಡಿಗ್ರಿ. ಇಲ್ಲಿ ಲೆಕ್ಕ ಸುಲಭ. 30 ಡಿಗ್ರಿ ಓರೆ ಇದ್ದರೆ ಗಾಳಿಯ ಅರ್ಧ ಪಾಲು ಅಡ್ಡಕ್ಕೆ ತಳ್ಳುತ್ತದೆ, 60 ಡಿಗ್ರಿ ಇದ್ದರೆ ನೂರಕ್ಕೆ 87 ಪಾಲು. 12 ನಾಟ್‌ಗೆ 10ಕ್ಕಿಂತ ಸ್ವಲ್ಪ ಜಾಸ್ತಿ, ಬೀಸಿನಲ್ಲಿ 16ರ ಹತ್ತಿರ. ಈ ವಿಮಾನದ ಕೈಪಿಡಿಯಲ್ಲಿ, ಪರೀಕ್ಷೆಯ ವೇಳೆ ಇಳಿಸಿ ತೋರಿಸಿದ ಅಡ್ಡಗಾಳಿ ಅಂತ ಬರೆದಿರುವುದು 15 ನಾಟ್. ಒಬ್ಬನೇ ಹೋಗುವ ವಿದ್ಯಾರ್ಥಿಗೆ ನಾನು ಹಾಕಿದ್ದ ಮಿತಿ ಅದರ ಅರ್ಧ.

ಹುಡುಗ ಆ ಮಾತು ಕೇಳಿಸಿಕೊಂಡ, ವಾಪಸ್ ಓದಿ ಹೇಳಿದ. ಲೆಕ್ಕ ಹಾಕಲಿಲ್ಲ. ನಾನೂ ಕೆಳಗೆ ರೇಡಿಯೋ ಹಿಡಿದು ನಿಂತಿದ್ದೆ. ನಾನು ಲೆಕ್ಕ ಹಾಕಿದೆ. ಹಾಕಿಯೂ, "ಇವನ ಕೈ ಚೆನ್ನಾಗಿದೆ, ನಿಭಾಯಿಸುತ್ತಾನೆ" ಅಂದುಕೊಂಡು ಸುಮ್ಮನಿದ್ದೆ. ಟ್ಯಾಂಕಿನಲ್ಲಿ ಎರಡೂವರೆ ಗಂಟೆಗೆ ಸಾಕಾಗುವಷ್ಟು ಇಂಧನ ಇತ್ತು. "ಅರ್ಧ ಗಂಟೆ ಮೇಲೇ ಸುತ್ತು" ಅನ್ನಬಹುದಿತ್ತು. ಅನ್ನಲಿಲ್ಲ.

ಹನ್ನೆರಡು ಸೆಕೆಂಡು

ಅವನು ಮೂತಿಯನ್ನು ಎಡಕ್ಕೆ, ಗಾಳಿಯ ಕಡೆಗೆ ಓರೆ ಮಾಡಿಕೊಂಡು ಬರುತ್ತಿದ್ದ. ಅದು ಸರಿಯೇ. ಫ್ಲಾಪ್ (ನಿಧಾನ ವೇಗದಲ್ಲೂ ಎತ್ತಿ ಹಿಡಿಯಲು ರೆಕ್ಕೆಯ ಹಿಂಬದಿಯಲ್ಲಿ ಇಳಿಯುವ ಪಟ್ಟಿ) ಪೂರ್ತಿ ಇಳಿಸಿದ್ದ. ವೇಗ 75 ನಾಟ್. ಇರಬೇಕಾದದ್ದು 65, ಬೀಸಿಗೆ ಅಂತ, ಗಾಳಿಗೂ ಬೀಸಿಗೂ ಇರುವ 6 ನಾಟ್ ವ್ಯತ್ಯಾಸದ ಅರ್ಧ ಸೇರಿಸಿದರೆ 68. ಆಮೇಲೆ ಕೇಳಿದಾಗ, "ಗಾಳಿ ಇತ್ತಲ್ವಾ ಸರ್, ಸ್ವಲ್ಪ ಜಾಸ್ತಿ ಇರಲಿ ಅಂತ" ಅಂದ. ಬಹುತೇಕ ಎಲ್ಲ ಹೊಸಬರೂ ಹೀಗೇ ಮಾಡುತ್ತಾರೆ. 65ರ ಜಾಗದಲ್ಲಿ 75 ಅಂದರೆ ವೇಗ ನೂರಕ್ಕೆ 15 ಜಾಸ್ತಿ, ಆದರೆ ಕರಗಿಸಬೇಕಾದ ಶಕ್ತಿ ನೂರಕ್ಕೆ 33 ಜಾಸ್ತಿ. ವಿಮಾನ ಆ ಶಕ್ತಿಯನ್ನು ನೆಲದ ಮೇಲೆ ತೇಲಿ ಕರಗಿಸುತ್ತದೆ. ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್. ಅದಕ್ಕಿಂತ ಕೆಳಗೆ ಬಂದ ಮೇಲೆ ನೆಲದ ಮೇಲಿನ ಗಾಳಿ ದಿಂಬಿನ ಹಾಗೆ ಎತ್ತಿ ಹಿಡಿಯುತ್ತದೆ. ತೇಲುವ ಹೊತ್ತು ಜಾಸ್ತಿಯಾದಷ್ಟೂ ಅಡ್ಡಗಾಳಿಗೆ ತಳ್ಳಲು ಹೊತ್ತು ಸಿಗುತ್ತದೆ.

ಅವನು ತೇಲಿದ. ನೆಲಕ್ಕೆ ಒಂದು ಮೀಟರ್ ಇರುವಾಗ ಬಲ ರಡ್ಡರ್ (ಬಾಲದ ಚುಕ್ಕಾಣಿ ತಿರುಗಿಸುವ ಕಾಲಿನ ಪೆಡಲ್) ಒತ್ತಿ ಮೂತಿ ನೇರ ಮಾಡಿದ. ಅದೂ ಸರಿ. ಆದರೆ ಅದೇ ಹೊತ್ತಿಗೆ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೇರಿಂಗ್) ಎಡಕ್ಕೆ ತಿರುಗಿಸಿ ಎಡ ರೆಕ್ಕೆಯನ್ನು ಗಾಳಿಗೆ ಸ್ವಲ್ಪ ತಗ್ಗಿಸಬೇಕಿತ್ತು. ಅದನ್ನು ಮಾಡಲಿಲ್ಲ. ಮೂತಿ ನೇರವಾಯಿತು, ವಿಮಾನ ಬಲಕ್ಕೆ ಜಾರಿತು. ಬಿಳಿ ಗೆರೆ ಅವನ ಎಡಕ್ಕೆ ಹೋಯಿತು. ಜಾರುತ್ತಲೇ ಮೂರೂ ಚಕ್ರ ಒಟ್ಟಿಗೆ ನೆಲಕ್ಕೆ ಬಡಿದವು.

ಪುಟಿಯಿತು. ಒಂದೂವರೆ ಮೀಟರ್ ಇರಬಹುದು.

ಇಲ್ಲಿ ಎರಡು ದಾರಿ ಇದ್ದವು. ಮೂತಿಯನ್ನು ಇದ್ದಲ್ಲೇ ಹಿಡಿದು, ಸ್ವಲ್ಪ ಎಂಜಿನ್ ಕೊಟ್ಟು ಮತ್ತೆ ಮೆಲ್ಲಗೆ ಇಳಿಸುವುದು ಒಂದು. ಕೂಡಲೇ ಪೂರ್ತಿ ಎಂಜಿನ್ ಕೊಟ್ಟು ಮೇಲೇರಿ ಹೋಗುವುದು ಇನ್ನೊಂದು. ಅವನು ಎರಡನ್ನೂ ಮಾಡಲಿಲ್ಲ. ಯೋಕನ್ನು ಮುಂದೆ ನೂಕಿದ. ನೆಲ ಬೇಕು ಅನ್ನಿಸಿದಾಗ ಮನುಷ್ಯನ ಕೈ ಮಾಡುವುದೇ ಅದು. ಮೂತಿಯ ಚಕ್ರ ಮೊದಲು ಬಡಿಯಿತು. ಎರಡನೇ ಪುಟಿತ ಮೊದಲಿನದಕ್ಕಿಂತ ಎತ್ತರ. ವೇಗ ಈಗ 50ರ ಆಸುಪಾಸು, ಮೂತಿ ಮೇಲೆ. ಆಗ ಅವನು ಎಂಜಿನ್ನಿಗೆ ಬಲ ಕೊಡುವ ಥ್ರಾಟಲ್ ಪೂರ್ತಿ ಒತ್ತಿದ.

ತೀರ್ಮಾನ ಸರಿ. ನಾಲ್ಕು ಸೆಕೆಂಡು ತಡ.

ಒಂದೇ ಎಂಜಿನ್ನಿನ ಈ ವಿಮಾನದಲ್ಲಿ, ಮೂತಿ ಎತ್ತಿದ್ದಾಗ, ವೇಗ ಕಡಿಮೆ ಇದ್ದಾಗ ಪೂರ್ತಿ ಎಂಜಿನ್ ಕೊಟ್ಟರೆ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲು ಗಟ್ಟಿಯಾಗಿ ಒತ್ತಲೇಬೇಕು. ಆ ದಿನ ಗಾಳಿಯೂ ಎಡದ್ದು. ಹಿಂದಿನ ಬಾಲವನ್ನು ಬಲಕ್ಕೆ ತಳ್ಳಿ ಮೂತಿಯನ್ನು ಎಡಕ್ಕೇ ತಿರುಗಿಸುವ ಗಾಳಿ. ಎರಡೂ ಒಂದೇ ಕಡೆ ಎಳೆದವು. ಅವನ ಬಲಗಾಲು ಪೆಡಲ್ ಮೇಲೆ ಸುಮ್ನೆ ಇತ್ತು.

ಮೂತಿ ಎಡಕ್ಕೆ ಹೋಯಿತು, ಎಡ ರೆಕ್ಕೆ ಕುಸಿಯಿತು. ಅವನು ರೆಕ್ಕೆ ಎತ್ತಲು ಯೋಕನ್ನು ಬಲಕ್ಕೆ ತಿರುಗಿಸಿದ. ಬೇರೆ ಯಾವ ಹೊತ್ತಿನಲ್ಲಾದರೂ ಅದು ಸರಿ. ರೆಕ್ಕೆ ಸ್ಟಾಲ್ ಆಗುವ, ಅಂದರೆ ಎತ್ತುವ ಬಲ ಕಳೆದುಕೊಳ್ಳುವ ಅಂಚಿನಲ್ಲಿ ಇರುವಾಗ ಅದು ತಿರುಗುಬಾಣ. ಯೋಕ್ ಬಲಕ್ಕೆ ಹೋದರೆ ಎಡ ರೆಕ್ಕೆಯ ಏಲರಾನ್ (ರೆಕ್ಕೆಯ ತುದಿಯ ಕಡೆ ಹಿಂಬದಿಯಲ್ಲಿರುವ, ಮೇಲೆ ಕೆಳಗೆ ಆಡುವ ಪಟ್ಟಿ) ಕೆಳಗೆ ಬಾಗುತ್ತದೆ, ಗಾಳಿಗೆ ಆ ರೆಕ್ಕೆಯ ಓರೆ ಇನ್ನೂ ಜಾಸ್ತಿಯಾಗುತ್ತದೆ, ಎತ್ತಬೇಕಾದ ರೆಕ್ಕೆಯೇ ಇನ್ನಷ್ಟು ಬೀಳುತ್ತದೆ. ಎಡ ಚಕ್ರ ನೆಲ ಹೊಡೆಯಿತು. ವಿಮಾನ ರನ್‌ವೇಯ ಎಡ ಅಂಚು ದಾಟಿ ಹುಲ್ಲಿಗೆ ಇಳಿಯಿತು. ಮೂತಿಯ ಚಕ್ರ ಮೆತ್ತನೆ ಮಣ್ಣಿನಲ್ಲಿ ಹೂತು ಮಡಚಿಕೊಂಡಿತು. ಪ್ರೊಪೆಲ್ಲರ್ ಮಣ್ಣು ಅಗೆಯಿತು. ಆಮೇಲೆ ಸದ್ದಿಲ್ಲ.

ರೇಡಿಯೋ ನನ್ನ ಕೈಯಲ್ಲೇ ಇತ್ತು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಓಡಿ ಹೋದಾಗ ಅವನು ಬಾಗಿಲು ತೆಗೆದು ಹೊರಗೆ ನಿಂತಿದ್ದ. ಭುಜದ ಮೇಲೆ ಬೆಲ್ಟ್ ಒತ್ತಿದ ಕೆಂಪು ಗೆರೆ, ಅಷ್ಟೇ ಗಾಯ. ಬೆಂಕಿ ಇಲ್ಲ. ಇಂಧನದ ಕೀಲಿ, ಮಾಸ್ಟರ್ ಸ್ವಿಚ್ ಎರಡನ್ನೂ ಬಂದ್ ಮಾಡಿಯೇ ಇಳಿದಿದ್ದ. ಅಷ್ಟು ಭಯದಲ್ಲೂ ಅದನ್ನು ಮಾಡಿದ್ದಾನೆ ಅಂತ ಕಂಡಾಗ ನನಗೆ ಕಣ್ಣು ತುಂಬಿ ಬಂತು.

ಪ್ರೊಪೆಲ್ಲರ್‌ನ ಎರಡೂ ಎಲೆ ಬಾಗಿದ್ದವು. ತಿರುಗುವ ಎಂಜಿನ್ ಹೀಗೆ ತಟ್ಟನೆ ನಿಂತರೆ ಅದನ್ನು ಪೂರ್ತಿ ಬಿಚ್ಚಿ ನೋಡಲೇಬೇಕು. ಮೂತಿಯ ಚಕ್ರ ಕೂತ ಜಾಗದ ಹಿಂದಿನ ಗೋಡೆ ನೆರಿಗೆಗಟ್ಟಿತ್ತು. ಈ ಮಾದರಿಯಲ್ಲಿ ಮೂತಿಗೆ ಪೆಟ್ಟು ಬಿದ್ದರೆ ಮೊದಲು ನೋಡುವುದೇ ಆ ಗೋಡೆಯನ್ನು. ನಿಯಮದ ಪ್ರಕಾರ ವರದಿ ಹೋಯಿತು, ವಿಚಾರಣೆ ಆಯಿತು. ಅದರ ವಿವರ ಇಲ್ಲಿ ಬೇಡ.

ಕಾರವಾರದಲ್ಲಿ

ಜೂನ್‌ನಲ್ಲಿ ನಾನು ರಜೆಗೆ ಶಿರಸಿಗೆ ಬಂದೆ. ಅವನು ಅಂಕೋಲಾದ ಮನೆಯಲ್ಲಿದ್ದ. ಫೋನಿನಲ್ಲಿ ಅವನ ತಾಯಿ, "ಊಟ ಸರಿಯಾಗಿ ಮಾಡ್ತಿಲ್ಲ, ಮತ್ತೆ ಹಾರಲ್ಲ ಅಂತಾನೆ" ಅಂದರು. ಮರುದಿನವೇ ದೇವಿಮನೆ ಘಟ್ಟ ಇಳಿದು ಕುಮಟಾ ದಾಟಿ ಹೋದೆ. ಅವನನ್ನು ಕರೆದುಕೊಂಡು ಕಾರವಾರಕ್ಕೆ ಹೋದೆ. ಮನೆಯಲ್ಲಿ ಅಪ್ಪ ಅಮ್ಮನ ಎದುರು ಅವನು ಬಾಯಿ ಬಿಡುತ್ತಿರಲಿಲ್ಲ.

ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ಈಗ ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನ ನಿಲ್ಲಿಸಿದ್ದಾರೆ. 2017ರಲ್ಲಿ ಸೇವೆಯಿಂದ ಇಳಿದ ದೈತ್ಯ ವಿಮಾನ ಅದು. ಮಳೆ ಹನಿಯುತ್ತಿತ್ತು. ಇಬ್ಬರೂ ಒಂದೇ ಛತ್ರಿಯಡಿ ಅದರ ಎಂಜಿನ್ ನೋಡುತ್ತಾ ನಿಂತೆವು. ನಾಲ್ಕು ಎಂಜಿನ್. ಒಂದೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡೆರಡು ಪ್ರೊಪೆಲ್ಲರ್. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. "ಯಾಕೆ ಹೀಗೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿದ. "ಒಂದರ ಎಳೆತ ಇನ್ನೊಂದು ಕಳೆಯುತ್ತೆ" ಅಂದ. ಆಮೇಲೆ ತಾನೇ ಹೇಳಿದ: "ನಮ್ಮದರಲ್ಲಿ ಆ ಇನ್ನೊಂದು ಪ್ರೊಪೆಲ್ಲರ್ ನನ್ನ ಬಲಗಾಲು."

ಇಷ್ಟು ವರ್ಷ ನಾನು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದು ಇದನ್ನೇ. ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಅಲ್ಲಿಂದ ಕೋಡಿಬಾಗಕ್ಕೆ ಹೋದೆವು. ಕಾಳಿ ಕೆಂಪಾಗಿ ಹರಿಯುತ್ತಿತ್ತು. ಒಂದು ಸಣ್ಣ ದೋಣಿ ಆಚೆಯಿಂದ ಬರುತ್ತಿತ್ತು. ಮೂತಿ ನಮ್ಮ ಕಡೆ ಇರಲಿಲ್ಲ. ಹೊಳೆಯ ಮೇಲ್ಗಡೆಗೆ, ಓರೆಯಾಗಿ ಇತ್ತು. ಆದರೂ ದೋಣಿ ನೇರ ನಮ್ಮ ಕಡೆಗೇ ಬರುತ್ತಿತ್ತು. ದಡಕ್ಕೆ ಹತ್ತು ಮಾರು ಇದೆ ಅನ್ನುವಾಗಲೂ ಓರೆಯೇ. ಕೊನೆಯಲ್ಲಿ ದೋಣಿಯವ ಹುಟ್ಟನ್ನು ಒಮ್ಮೆ ತಿರುವಿ ಮೂತಿ ನೇರ ಮಾಡಿದ. ಅದೇ ಹೊತ್ತಿಗೆ ತನ್ನ ಮೈಯನ್ನು ಹೊಳೆ ಬರುವ ಕಡೆಗೆ ವಾಲಿಸಿದ. ದೋಣಿ ಕಲ್ಲಿಗೆ ತಾಗಿದ ಮೇಲೂ ಅವನು ಹುಟ್ಟು ಎತ್ತಲಿಲ್ಲ. ಒಂದು ಕೈಯಲ್ಲಿ ಹಗ್ಗ ಗೂಟಕ್ಕೆ ಸುತ್ತುತ್ತಾ, ಇನ್ನೊಂದು ಕೈಯಲ್ಲಿ ಹುಟ್ಟು ನೀರಿನಲ್ಲೇ ಒತ್ತಿ ಹಿಡಿದಿದ್ದ. ಗಂಟು ಬಿಗಿಯಾದ ಮೇಲೆ ಹುಟ್ಟು ಮೇಲೆ ಬಂತು.

ಹುಡುಗ ಕಣ್ಣು ಮಿಟುಕಿಸದೆ ನೋಡಿದ. "ನಾನು ಮುಟ್ಟಿದ ಕೂಡಲೇ ಬಿಟ್ಟೆ ಸರ್" ಅಂದ.

ನಿಜ. ಅವನ ಕೈಯಲ್ಲಿ ಆ ದಿನ ಯೋಕ್ ಮೊದಲ ಪೆಟ್ಟಿನ ಹೊತ್ತಿಗೆ ನಡುವಿನಲ್ಲಿತ್ತು. ಚಕ್ರ ಮುಟ್ಟಿತು, ಮುಗಿಯಿತು ಅಂತ ಕೈ ಅಂದುಕೊಂಡಿತ್ತು. ಚಕ್ರ ಮುಟ್ಟಿದ ಮೇಲೂ ವಿಮಾನ ಗಂಟೆಗೆ 90 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಓಡುತ್ತಿರುತ್ತದೆ. ರೆಕ್ಕೆಗೆ ಗಾಳಿ ಸಿಗುತ್ತಲೇ ಇರುತ್ತದೆ. ವೇಗ ಕಡಿಮೆಯಾದಷ್ಟೂ ಏಲರಾನ್‌ನ ಹಿಡಿತ ಕಡಿಮೆ, ಹಾಗಾಗಿ ಯೋಕನ್ನು ಗಾಳಿಯ ಕಡೆಗೆ ಇನ್ನೂ ಇನ್ನೂ ಜಾಸ್ತಿ ತಿರುಗಿಸುತ್ತಾ ಹೋಗಬೇಕು. ನಿಲ್ಲುವ ಹೊತ್ತಿಗೆ ಅದು ಪೂರ್ತಿ ತಿರುಗಿರಬೇಕು.

ಎಲ್ಲಿ ಕೆಟ್ಟಿತು

ಅಮೆರಿಕದ ಸಣ್ಣ ವಿಮಾನಗಳ ಅಪಘಾತದ ದಾಖಲೆ ವರ್ಷವರ್ಷವೂ ಹೇಳುವುದು ಒಂದೇ: ಪೈಲಟ್ ತಪ್ಪಿನಿಂದ ಆಗುವ ಅಪಘಾತಗಳಲ್ಲಿ ಅತಿ ಹೆಚ್ಚು ಇಳಿಯುವಾಗ. ಅವುಗಳಲ್ಲಿ ಜೀವ ಹೋಗುವುದು ಕಡಿಮೆ. ಅದಕ್ಕೇ ಇರಬೇಕು, ನಾವು ಅವನ್ನು ಹಗುರವಾಗಿ ತೆಗೆದುಕೊಳ್ಳುತ್ತೇವೆ. "ರನ್‌ವೇ ಬಿಟ್ಟು ಹುಲ್ಲಿಗೆ ಹೋಯ್ತಂತೆ" ಅಂದು ಮುಗಿಸಿಬಿಡುತ್ತೇವೆ. ನನಗೆ ಇದು ಒಪ್ಪಿಗೆ ಇಲ್ಲ. ಇದೇ ಎಡ ರೆಕ್ಕೆ ಹತ್ತು ಮೀಟರ್ ಎತ್ತರದಲ್ಲಿ ಕುಸಿದಿದ್ದರೆ ನಾನು ಅವನ ತಾಯಿಯ ಎದುರು ನಿಲ್ಲುವ ಹಾಗೇ ಇರಲಿಲ್ಲ.

ತಡವಾದ ತೀರ್ಮಾನ ಏನು ಮಾಡುತ್ತದೆ ಅಂತ ನಮ್ಮ ಕರಾವಳಿಗೆ ಹೇಳಿಕೊಡಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದೊಡ್ಡ ವಿಮಾನವೊಂದು ರನ್‌ವೇಯ ಅರ್ಧಕ್ಕಿಂತ ಮುಂದೆ ಹೋಗಿ ನೆಲ ಮುಟ್ಟಿತು. ಮುಟ್ಟಿದ ಮೇಲೆ ಮತ್ತೆ ಮೇಲೇರಲು ನೋಡಿತು. 158 ಜನ ಹೋದರು, 8 ಜನ ಉಳಿದರು. ಮುಟ್ಟುವ ಮೊದಲೇ ಸಹ ಪೈಲಟ್ ಮೇಲೇರೋಣ ಅಂದಿದ್ದು ತನಿಖೆಯಲ್ಲಿ ಹೊರಬಂತು. ಆ ವಿಮಾನಕ್ಕೂ ನಮ್ಮ ನಾಲ್ಕು ಸೀಟಿನ ಸೆಸ್ನಾಗೂ ಹೋಲಿಕೆ ಇಲ್ಲ. ಆದರೂ ಮೇಲೇರುವ ತೀರ್ಮಾನ ಇಳಿಯುವ ಮೊದಲೇ ತಲೆಯಲ್ಲಿ ತಯಾರು ಇರಬೇಕು ಅನ್ನುವುದು ಎರಡಕ್ಕೂ ಒಂದೇ.

ಹುಡುಗನ ತಲೆಯಲ್ಲಿ ಅದು ತಯಾರಿರಲಿಲ್ಲ. ಯಾಕೆ ಅಂತ ನನ್ನ ಲಾಗ್ ಪುಸ್ತಕ ತೆಗೆದು ನೋಡಿದೆ. ಕೋಡಿಬಾಗದಿಂದ ಬಂದ ರಾತ್ರಿ, ಶಿರಸಿಯ ಮನೆಯ ಜಗಲಿಯಲ್ಲಿ ಕೂತು ಅವನ ಜೊತೆ ಹಾರಿದ ಒಂದೊಂದು ದಿನವನ್ನೂ ನೋಡಿದೆ. ಹೊರಟ ಹೊತ್ತು 6:40, 7:05, 6:50, 8:10. ಪುಟ ತಿರುಗಿಸಿದರೂ ಅದೇ. ಮಧ್ಯಾಹ್ನ 12ರ ನಂತರ ಅವನ ಜೊತೆ ನಾನು ಇಳಿಸಿದ್ದು ಮೂರೇ ಸಲ. ಆ ಮೂರರಲ್ಲೂ ಗಾಳಿ ರನ್‌ವೇಗೆ ನೇರ ಇತ್ತು.

ಕಾರಣ ಇದೆ. ಬೆಳಿಗ್ಗೆ ಗಾಳಿ ತಣ್ಣಗೆ ಮಲಗಿರುತ್ತದೆ. ವಿದ್ಯಾರ್ಥಿಗೆ ಬೇಗ ಕೈ ಕೂರುತ್ತದೆ, ಗಂಟೆಗಳು ಬೇಗ ತುಂಬುತ್ತವೆ. ಮಧ್ಯಾಹ್ನ ನೆಲ ಕಾದು ಗಾಳಿ ಏಳುತ್ತದೆ, ಆಗ ಪಾಠ ನಿಲ್ಲಿಸುತ್ತೇವೆ. ಸುರಕ್ಷತೆಗೆ ಅಂತಲೇ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಿ ನಿಲ್ಲಿಸಿ ನಾನು ಅವನಿಗೆ ಅರ್ಧ ದಿನವನ್ನೇ ತೋರಿಸಿರಲಿಲ್ಲ. ಅವನ ಮೃದುವಾದ ಕೈ ನಿಂತ ಗಾಳಿಯಲ್ಲಿ ಬೆಳೆದ ಕೈ. ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಕೂಡ ಕಲಿಸಿದ್ದೆ. ಆದರೆ ಯಾವಾಗಲೂ 30 ಮೀಟರ್ ಎತ್ತರದಿಂದ, ಯಾವಾಗಲೂ ನಾನೇ "ಗೋ ಅರೌಂಡ್" ಅಂತ ಹೇಳಿ. ಪುಟಿದ ಮೇಲೆ, ನೆಲದಿಂದ ಒಂದು ಮೀಟರ್‌ನಲ್ಲಿ, ಅವನೇ ತೀರ್ಮಾನ ಮಾಡಿ ಮೇಲೇರಿದ್ದು ಒಮ್ಮೆಯೂ ಇಲ್ಲ.

ಹಾಗಾಗಿ ಈ ಪ್ರಕರಣದಲ್ಲಿ ಗಾಳಿಯನ್ನೂ ಹುಡುಗನನ್ನೂ ಬೈಯುವ ಮೊದಲು ಆ ಲಾಗ್ ಪುಸ್ತಕವನ್ನು ನೋಡಬೇಕು ಅಂತ ನಾನು ಹೇಳುತ್ತೇನೆ. ಕಲಿಸುವ ಎಲ್ಲರಿಗೂ ಒಂದು ಮಾತು ಕೇಳಿಕೊಳ್ಳುತ್ತೇನೆ: ನಿಮ್ಮ ವಿದ್ಯಾರ್ಥಿ ಒಬ್ಬನೇ ಹೋಗುವ ಮೊದಲು ಅವನ ಇಳಿತಗಳ ಹೊತ್ತು ನೋಡಿ. ಎಷ್ಟು ಸಲ ಇಳಿಸಿದ ಅನ್ನುವುದರ ಪಕ್ಕದಲ್ಲಿ ಎಂಥ ಗಾಳಿಯಲ್ಲಿ ಅಂತಲೂ ಬರೆದಿಡಿ.

ಮತ್ತೆ

ಸೆಪ್ಟೆಂಬರ್‌ನಲ್ಲಿ ಅವನು ವಾಪಸ್ ಬಂದ. ಮೊದಲ ದಿನ ಇಳಿಸುವುದೇ ಬೇಡ ಅಂದೆ. ಮಧ್ಯಾಹ್ನ 3 ಗಂಟೆಗೆ, ಎಡದಿಂದ 9 ನಾಟ್ ಅಡ್ಡಗಾಳಿಯಲ್ಲಿ ಹೊರಟೆವು. ರನ್‌ವೇ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ, ಸ್ವಲ್ಪ ಎಂಜಿನ್ ಇಟ್ಟುಕೊಂಡು, ಚಕ್ರ ಮುಟ್ಟಿಸದೆ ಉದ್ದಕ್ಕೂ ಹೋಗುವುದು. ಎಡ ರೆಕ್ಕೆ ತಗ್ಗಿಸಿ ಜಾರುವುದನ್ನು ತಡೆಯುವುದು ಕೈಯ ಕೆಲಸ. ಬಲ ರಡ್ಡರ್‌ನಿಂದ ಮೂತಿಯನ್ನು ಬಿಳಿ ಗೆರೆಗೆ ನೇರ ಇಡುವುದು ಕಾಲಿನ ಕೆಲಸ. ಸಾಮಾನ್ಯ ಇಳಿತದಲ್ಲಿ ಇದಕ್ಕೆ ಸಿಗುವುದು ನಾಲ್ಕೈದು ಸೆಕೆಂಡು. ಹೀಗೆ ಹೋದರೆ ಒಂದೊಂದು ಸಲಕ್ಕೆ ಅರ್ಧ ನಿಮಿಷ ಸಿಗುತ್ತದೆ. ನಾಲ್ಕನೇ ಸಲಕ್ಕೆ ಅವನ ಕೈ ಕಾಲು ಒಂದಕ್ಕೊಂದು ಮಾತಾಡಲು ಶುರು ಮಾಡಿದವು. ಇಳಿದ ಮೇಲೆ ನೋಡಿದರೆ ಅಂಗಿ ಬೆವರಿನಲ್ಲಿ ಒದ್ದೆ.

ಆಮೇಲಿನ ದಿನಗಳಲ್ಲಿ ಪುಟಿತ. ನಾನೇ ಸ್ವಲ್ಪ ಪುಟಿಯುವ ಹಾಗೆ ಮುಟ್ಟಿಸಿ ಕೈ ಬಿಡುತ್ತಿದ್ದೆ. ಅವನು ಥ್ರಾಟಲ್ ಪೂರ್ತಿ ಒತ್ತಬೇಕು, ಅದರ ಜೊತೆಗೇ ಬಲಗಾಲು, ಮೂತಿಯನ್ನು ಏರಲು ಬಿಡದೆ ಹಿಡಿಯಬೇಕು, ಫ್ಲಾಪನ್ನು 30 ಡಿಗ್ರಿಯಿಂದ 20ಕ್ಕೆ ತರಬೇಕು, 60 ನಾಟ್ ಆದ ಮೇಲೆ ಏರಬೇಕು. ಮೊದಮೊದಲು ಬಲಗಾಲು ತಡವಾಗುತ್ತಿತ್ತು. ನಾನು "ಟುಪೊಲೆವ್" ಅಂದರೆ ಸಾಕು, ಒತ್ತುತ್ತಿದ್ದ. ಎರಡು ವಾರದ ಮೇಲೆ ಅದನ್ನೂ ಹೇಳಬೇಕಾಗಲಿಲ್ಲ.

ವೇಗದ ಮಾತಿಗೆ ಒಂದು ಚೀಟಿ ಬರೆದು ಅವನ ಮಂಡಿಯ ಹಲಗೆಗೆ ಅಂಟಿಸಿಕೊಂಡಿದ್ದ: "65 + ಬೀಸಿನ ವ್ಯತ್ಯಾಸದ ಅರ್ಧ. ಭಯಕ್ಕೆ ಅಂತ ಏನೂ ಇಲ್ಲ."

ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಅವನನ್ನು ಮತ್ತೆ ಒಬ್ಬನೇ ಕಳಿಸಿದೆ. ಅಡ್ಡಗಾಳಿ ಎಡದಿಂದ 6 ನಾಟ್, ಮಿತಿಯ ಒಳಗೇ. ಈ ಸಲ ರೇಡಿಯೋ ಬಾಯಿಯ ಹತ್ತಿರವೇ ಹಿಡಿದಿದ್ದೆ. ಮೊದಲ ಸಲ ನೆಲಕ್ಕೆ ಐದು ಮೀಟರ್ ಇರುವಾಗ ಬಿಳಿ ಗೆರೆಯಿಂದ ಸ್ವಲ್ಪ ಬಲಕ್ಕೆ ಜಾರಿದ. ನಾನು ಬಾಯಿ ತೆರೆಯುವ ಮೊದಲೇ ಎಂಜಿನ್ ಜೋರಾಯಿತು, ಮೂತಿ ಒಂದಿಷ್ಟೂ ಅಲುಗದೆ ನೇರ ಮೇಲೇರಿದ. ಎರಡನೇ ಸಲವೂ ಹಾಗೇ, ಈ ಸಲ ಬೀಸು ಎತ್ತಿತು ಅಂತ. ಮೂರನೇ ಸಲ ಎಡ ಚಕ್ರ ಮೊದಲು ಮುಟ್ಟಿತು, ಆಮೇಲೆ ಬಲದ್ದು, ಕೊನೆಗೆ ಮೂತಿಯದು. ಮೆತ್ತಗೆ ಇಳಿಯಲಿಲ್ಲ, ಸದ್ದಾಯಿತು. ಬಿಳಿ ಗೆರೆ ಮಾತ್ರ ಎರಡು ಚಕ್ರದ ಸರಿಯಾಗಿ ನಡುವೆ ಇತ್ತು.

ನಿಲ್ಲಿಸುವ ಜಾಗಕ್ಕೆ ಬಂದು ಮೂತಿಯನ್ನು ಪಡುವಣಕ್ಕೆ ಮಾಡಿ ಎಂಜಿನ್ ಬಂದ್ ಮಾಡಿದ. ಪ್ರೊಪೆಲ್ಲರ್ ನಿಂತಿತು. ಚಕ್ರಕ್ಕೆ ಮರದ ಅಡೆ ಕೊಡುವ ಹುಡುಗ ಓಡಿ ಬಂದು ಕೊಟ್ಟು, ಕಿಟಕಿ ತಟ್ಟಿ ಹೆಬ್ಬೆರಳು ತೋರಿಸಿದ. ನಾನು ಹತ್ತಿರ ಹೋಗಿ ರೆಕ್ಕೆ ನೋಡಿದೆ. ಎಡ ಏಲರಾನ್ ಇನ್ನೂ ಪೂರ್ತಿ ಮೇಲಕ್ಕೇ ಇತ್ತು. ಒಳಗೆ ಅವನು ಯೋಕನ್ನು ಎಡಕ್ಕೆ ಹಿಡಿದೇ ಕೂತಿದ್ದ.